ಕೆಸರು ದಾರಿಗೆ ಇಳಿಯುವ ಮುನ್ನ: ಪುಂಟಾ ಕಾನಾ ಬಗ್ಗಿ ಸವಾರಿಯ ಪ್ರಶ್ನೋತ್ತರ

ಚಳಿಗಾಲದ ರಜೆಗೆ ಕೆರಿಬಿಯನ್ ಕಡೆ ಹೊರಟಿರುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾದಲ್ಲಿ ನಡೆಯುವ ಬಗ್ಗಿ ಸವಾರಿ, ಅಂದರೆ ಕೆಸರು ದಾರಿಯಲ್ಲಿ ತೆರೆದ ಚಿಕ್ಕ ಗಾಡಿಯನ್ನು ತಾವೇ ಓಡಿಸುವುದು. ಅಮೆರಿಕದಲ್ಲಿ ನೆಲೆಸಿರುವವರು ಬರೆದಿದ್ದಾರೆ. ಮಗ ಸೊಸೆಯ ಮನೆಗೆ ಹೋಗಿ ಅಲ್ಲಿಂದ ಒಟ್ಟಿಗೆ ಹೊರಡುವ ಬೆಂಗಳೂರು, ಮೈಸೂರಿನ ಹಿರಿಯರೂ ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೋಟೆಲಿನವರು ಅರ್ಧ ದಿನದ ‘ಬಗ್ಗಿ ಟೂರ್’ ಎಂದು ತೋರಿಸುತ್ತಿದ್ದಾರೆ. ಇದು ಯಾವ ಗಾಡಿ? ನಿಜವಾಗಿ ಎಷ್ಟು ಹೊತ್ತು ಓಡಿಸಲು ಸಿಗುತ್ತದೆ? (ಡಲ್ಲಾಸ್‌ನ ಓದುಗರು)

ಉತ್ತರ: ಬಗ್ಗಿ ಎಂಬ ಒಂದೇ ಹೆಸರಿನಲ್ಲಿ ಅಲ್ಲಿ ಎರಡು ಬಗೆಯ ಗಾಡಿ ಸಿಗುತ್ತವೆ. ಒಂದು, ನೆಲಕ್ಕೆ ಹತ್ತಿರ ಕೂರುವ, ಕಬ್ಬಿಣದ ಪೈಪಿನ ಚೌಕಟ್ಟಿನ ಚಿಕ್ಕ ಗಾಡಿ. ಎಂಜಿನ್ ಹಿಂದೆ ಇರುತ್ತದೆ, ಹಿಂದಿನ ಚಕ್ರಗಳಷ್ಟೇ ಎಳೆಯುತ್ತವೆ. ಇನ್ನೊಂದು, ಪೋಲಾರಿಸ್ ಅಥವಾ ಕ್ಯಾನ್-ಆ್ಯಮ್ ಬ್ರಾಂಡಿನ ‘ಸೈಡ್ ಬೈ ಸೈಡ್’. ಇದರಲ್ಲಿ ಉದ್ದನೆಯ ಸಸ್ಪೆನ್ಷನ್, ಎತ್ತರದ ಸೀಟು, ಎರಡು ಅಥವಾ ನಾಲ್ಕು ಜನರಿಗೆ ಜಾಗ, ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸ್ವಿಚ್ ಇರುತ್ತವೆ. ಬುಕ್ ಮಾಡುವಾಗ ಯಾವುದು ಎಂದು ಕೇಳಿಯೇ ದುಡ್ಡು ಕೊಡಿ. ಬೆನ್ನಿಗೆ ಸುಖ ಎರಡನೆಯದು. ಫೋಟೊದಲ್ಲಿ ಒಂದು ತೋರಿಸಿ ಅಂಗಳದಲ್ಲಿ ಇನ್ನೊಂದು ನಿಲ್ಲಿಸಿದ್ದರೆ ಅಲ್ಲೇ ಮಾತಾಡಿಕೊಳ್ಳಿ.

‘ನಾಲ್ಕು ಗಂಟೆಯ ಟೂರ್’ ಎಂದರೆ ನಾಲ್ಕು ಗಂಟೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಎಂದಲ್ಲ. ಹೋಟೆಲಿನಿಂದ ಕರೆದೊಯ್ಯುವುದು, ಕಾಗದಕ್ಕೆ ಸಹಿ, ಗಾಡಿ ಹಂಚುವುದು, ಕಾಫಿ, ಕೋಕೋ ಮಾರುವ ಹಳ್ಳಿಮನೆಯಲ್ಲಿ ನಿಲುಗಡೆ, ಸೆನೋಟೆ ಎಂಬ ಸುಣ್ಣಕಲ್ಲಿನ ಗುಹೆಯ ನೀರಿನಲ್ಲಿ ಈಜು, ಮಕಾವೊ ಕಡಲತೀರದಲ್ಲಿ ಸ್ವಲ್ಪ ಹೊತ್ತು. ಇವೆಲ್ಲ ಕಳೆದರೆ ಓಡಿಸಲು ಉಳಿಯುವುದು ಹೆಚ್ಚುಕಡಿಮೆ ಒಂದು, ಒಂದೂವರೆ ಗಂಟೆ. ಇಬ್ಬರು ಹಂಚಿಕೊಂಡರೆ ಅದರಲ್ಲಿ ಅರ್ಧ. ದರ ತಲೆಗೋ ಗಾಡಿಗೋ, ಸೆನೋಟೆಯ ಟಿಕೆಟ್ ಒಳಗೊಂಡಿದೆಯೋ, ಕನ್ನಡಕ ಮತ್ತು ಹೆಲ್ಮೆಟ್ ಕೊಡುತ್ತಾರೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಆಯ್ಕೆ ಇದ್ದರೆ ಬೆಳಗಿನ ಮೊದಲ ಸರದಿಗೇ ಹೋಗಿ. ರಾತ್ರಿಯ ತೇವಕ್ಕೆ ಧೂಳು ಕೂತಿರುತ್ತದೆ, ಗಾಡಿಗಳು ಇನ್ನೂ ಕಾದಿರುವುದಿಲ್ಲ, ಬಿಸಿಲೂ ಏರಿರುವುದಿಲ್ಲ. ಸಂಜೆಯ ಸರದಿ ಎಳೆದಾಡಿದರೆ ಡಿಸೆಂಬರಿನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗಿಬಿಡುತ್ತಾನೆ. ಕತ್ತಲು ಮತ್ತು ಧೂಳು ಸೇರಿದ ದಾರಿಯಲ್ಲಿ ಹೊಸಬರು ಇರಬಾರದು.

ಪ್ರಶ್ನೆ: ಬೆಂಗಳೂರಿನಲ್ಲಿ ಮೂವತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಎಲ್ಲವೂ ಗೇರಿನ ಕಾರು. ಈ ಗಾಡಿ ಒಗ್ಗುತ್ತದೆಯೇ? (ಜಯನಗರದ ಹಿರಿಯ ಓದುಗರು)

ಉತ್ತರ: ಖಂಡಿತ ಒಗ್ಗುತ್ತದೆ. ಆದರೆ ನಿಮ್ಮ ಮೂವತ್ತು ವರ್ಷದ ಅಭ್ಯಾಸದಲ್ಲಿ ಮೂರನ್ನು ಹೋಟೆಲಿನಲ್ಲೇ ಬಿಟ್ಟು ಹೋಗಬೇಕು.

ಮೊದಲನೆಯದು ಎಡಗಾಲು. ಕ್ಲಚ್ ಇಲ್ಲ. ಎಡಗಾಲಿಗೆ ಕೆಲಸವೇ ಇಲ್ಲ, ಅದನ್ನು ನೆಲಕ್ಕೆ ಊರಿ ಮೈ ಅಲುಗದಂತೆ ಆಸರೆ ಕೊಡಿ. ಆಕ್ಸಿಲರೇಟರು, ಬ್ರೇಕು ಎರಡೂ ಬಲಗಾಲಿನದೇ. ಗಾಬರಿಯಲ್ಲಿ ಎಡಗಾಲು ಕ್ಲಚ್ ಹುಡುಕುತ್ತಾ ಹೋಗಿ ಬ್ರೇಕ್ ತುಳಿದರೆ, ಹಿಂದೆ ಬರುವವರು ನಿಮ್ಮ ಗಾಡಿಯ ಮೇಲೇ ಬರುತ್ತಾರೆ.

ಎರಡನೆಯದು ದಾರಿಯ ಬದಿ. ಡೊಮಿನಿಕನ್ ಗಣರಾಜ್ಯದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಕಬ್ಬಿನ ಗದ್ದೆಯ ಒಳದಾರಿಯಲ್ಲಿ ಎದುರಿಗೆ ಟ್ರಾಕ್ಟರೋ ಇನ್ನೊಂದು ಗುಂಪಿನ ಬಗ್ಗಿಗಳೋ ಬಂದಾಗ ನಮ್ಮವರ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ‘ಬಲಕ್ಕೆ’ ಎಂದು ಪಕ್ಕದಲ್ಲಿ ಕೂತವರು ಗಟ್ಟಿಯಾಗಿ ಹೇಳಲಿ. ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಮೂರನೆಯದು ಸ್ಟೀರಿಂಗ್ ಹಿಡಿಯುವ ರೀತಿ. ಕಾರಿನಲ್ಲಿ ಹೆಬ್ಬೆರಳು ಚಕ್ರದ ಒಳಗೆ ಸುತ್ತಿಕೊಂಡಿರುತ್ತದೆ. ಇಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ಫಟ್ಟನೆ ತಿರುಗಿ ಅದರ ಕಡ್ಡಿ ಹೆಬ್ಬೆರಳಿಗೆ ಹೊಡೆಯುತ್ತದೆ. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಜೊತೆಗೇ ಹೊರಗಿನಿಂದ ಕೂತಿರಲಿ.

ಗೇರ್ ಕಡ್ಡಿಯಲ್ಲಿ ಸಾಮಾನ್ಯವಾಗಿ ಐದು ಜಾಗ: ಪಾರ್ಕ್, ರಿವರ್ಸ್, ನ್ಯೂಟ್ರಲ್, ಹೈ, ಲೋ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಗಾಡಿ ಪೂರ್ತಿ ನಿಂತಿರಬೇಕು, ಬಲಗಾಲು ಬ್ರೇಕಿನ ಮೇಲಿರಬೇಕು, ಎಂಜಿನ್ ಸದ್ದು ಇಳಿದಿರಬೇಕು. ‘ಕರ್ರ್’ ಎಂದರೆ ಹಲ್ಲು ಉಜ್ಜುತ್ತಿದೆ ಎಂದರ್ಥ. ಒತ್ತಬೇಡಿ, ನ್ಯೂಟ್ರಲ್‌ಗೆ ತಂದು ಮತ್ತೆ ಪ್ರಯತ್ನಿಸಿ. ಹೊರಟ ಮೊದಲ ಐವತ್ತು ಮೀಟರಿನಲ್ಲೇ, ನಡಿಗೆಯ ವೇಗದಲ್ಲಿ, ಒಮ್ಮೆ ಬ್ರೇಕ್ ತುಳಿದು ನೋಡಿ. ಪೆಡಲ್ ಸ್ಪಂಜಿನಂತೆ ಮೆತ್ತಗೆ ಒಳಗೆ ಹೋದರೆ, ಇಲ್ಲವೇ ಗಾಡಿ ಒಂದು ಬದಿಗೆ ಎಳೆದರೆ, ನಾಚಿಕೆ ಬೇಡ, ಬೇರೆ ಗಾಡಿ ಕೇಳಿ. ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ಅದು ಮೇಲೆ ಬರುತ್ತದೆಯೇ ಎಂದೂ ನೋಡಿ. ಹಿಂದಿನ ಸರದಿಯ ಕೆಸರು ಪೆಡಲಿನ ಕೆಳಗೆ ಒಣಗಿ ಕೂತಿದ್ದರೆ ಅದು ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಕಳೆದ ವರ್ಷ ಹೋಗಿದ್ದಾಗ ದಿಣ್ಣೆ ಹತ್ತುವಾಗ ರಬ್ಬರ್ ಸುಟ್ಟ ವಾಸನೆ ಬಂದು ಗಾಡಿ ನಿಂತುಹೋಯಿತು. ಎಂಜಿನ್ ಕೂಗುತ್ತಿತ್ತು, ಗಾಡಿ ಕದಲಲಿಲ್ಲ. ‘ಬೆಲ್ಟ್ ಸುಟ್ಟಿರಿ’ ಎಂದು ದುಡ್ಡು ಹಾಕಿದರು. ನಮ್ಮ ತಪ್ಪೇನು? (ಸ್ಯಾನ್ ಹೋಸೆಯ ದಂಪತಿ)

ಉತ್ತರ: ಆಕ್ಟಿವಾದಂಥ ಸ್ಕೂಟರಿನ ಎಡಬದಿಯ ಡಬ್ಬದೊಳಗೆ ಒಂದು ರಬ್ಬರ್ ಬೆಲ್ಟು, ಎರಡು ಪುಲ್ಲಿ ಇರುತ್ತವಲ್ಲ, ಇದರಲ್ಲೂ ಅದೇ ವ್ಯವಸ್ಥೆ, ದೊಡ್ಡದು ಅಷ್ಟೆ. ಎಂಜಿನ್ ವೇಗ ಏರಿದಂತೆ ಮುಂದಿನ ಪುಲ್ಲಿಯ ಎರಡು ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಬಿಗಿಯಾಗಿ ಹಿಡಿಯುತ್ತವೆ. ಗಾಡಿ ಬಹಳ ನಿಧಾನವಾಗಿದ್ದು ಹೊರೆ ಮಾತ್ರ ಜಾಸ್ತಿಯಾದಾಗ, ಅಂದರೆ ಕಡಿದಾದ ಏರು, ಆಳ ಕೆಸರು, ನಾಲ್ಕು ಜನ, ಆ ಹಿಡಿತ ಸಾಲದು. ಬೆಲ್ಟು ಜಾರುತ್ತದೆ. ಜಾರಿದಲ್ಲಿ ಉಜ್ಜಿ ಬಿಸಿಯಾಗಿ ರಬ್ಬರು ಮೊದಲು ಗಾಜಿನಂತೆ ಹೊಳಪಾಗುತ್ತದೆ, ಆಮೇಲೆ ದಾರ ಕಿತ್ತು ಬರುತ್ತದೆ. ನಿಮಗೆ ಬಂದ ವಾಸನೆ ಅದರದೇ.

ಇದಕ್ಕೆ ಮದ್ದು ಲೋ ಗೇರ್. ಲೋ ಹಾಕಿದಾಗ ಚಕ್ರ ಅಷ್ಟೇ ನಿಧಾನ ತಿರುಗಿದರೂ ಬೆಲ್ಟು ಜೋರಾಗಿ ತಿರುಗುತ್ತದೆ, ಅದರ ಮೇಲಿನ ಎಳೆತ ಕಡಿಮೆಯಾಗುತ್ತದೆ. ಏರಿನ ಬುಡದಲ್ಲೇ ನಿಂತು ಲೋಗೆ ಹಾಕಬೇಕು, ಅರ್ಧ ಹತ್ತಿದ ಮೇಲಲ್ಲ. ನಡಿಗೆಯ ವೇಗದಲ್ಲೇ ತುಂಬ ಹೊತ್ತು ಹೋಗುವ ಕಡೆಯೆಲ್ಲ ಲೋ ಇರಲಿ. ಕೆಸರಿನಲ್ಲಿ ಗಾಡಿ ಹೂತು ಚಕ್ರ ಬರಿದೆ ಸುತ್ತುತ್ತಿದ್ದರೆ, ಅಥವಾ ಸುತ್ತದೇ ಎಂಜಿನ್ ಅರಚುತ್ತಿದ್ದರೆ, ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಆಕ್ಸಿಲರೇಟರ್ ಒತ್ತಿ ಹಿಡಿಯಬೇಡಿ. ಕೈ ಎತ್ತಿ, ಗೈಡ್ ಬರಲಿ. ದಿಣ್ಣೆಯಲ್ಲಿ ನಿಂತಾಗ ಆಕ್ಸಿಲರೇಟರಿನಿಂದಲೇ ಗಾಡಿಯನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಹಲವರಿಗೆ ಇದೆ. ಬೆಲ್ಟಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ನಿಲ್ಲುವುದು ಬ್ರೇಕಿನಿಂದ ಮಾತ್ರ.

ವಾಸನೆಯಿಲ್ಲದೆ, ನೀರು ದಾಟಿದ ಕೂಡಲೇ ಎಂಜಿನ್ ಕೂಗಿ ಗಾಡಿ ಹೋಗದಿದ್ದರೆ ಕಾರಣ ಬೇರೆ: ಡಬ್ಬದೊಳಗೆ ನೀರು ಹೋಗಿ ಬೆಲ್ಟ್ ಒದ್ದೆಯಾಗಿದೆ. ಗೈಡ್ ಅದನ್ನು ನ್ಯೂಟ್ರಲ್‌ನಲ್ಲೋ ಪಾರ್ಕಿನಲ್ಲೋ ಇಟ್ಟು ಎಂಜಿನ್ ಏರಿಸಿ ಇಳಿಸಿ ಒಣಗಿಸುತ್ತಾನೆ. ಕೆಲವೇ ನಿಮಿಷದ ಕೆಲಸ, ಇದರಲ್ಲಿ ಬೆಲ್ಟು ಹಾಳಾಗಿರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಬೆಲ್ಟು ಸವೆಯುವ ಭಾಗ. ನಿಮಗೆ ಬರುವ ಮುಂಚೆ ಅದು ಎಷ್ಟು ಸುಟ್ಟಿತ್ತೋ ಯಾರಿಗೂ ಗೊತ್ತಿಲ್ಲ. ಸಹಿ ಹಾಕುವ ಮುನ್ನ ‘ಬೆಲ್ಟ್ ಹೋದರೆ ಯಾರ ಖರ್ಚು’ ಎಂದು ಕೇಳಿ, ಉತ್ತರವನ್ನು ಕಾಗದದಲ್ಲೇ ಬರೆಸಿಕೊಳ್ಳಿ. ಹೊರಡುವ ಮುಂಚೆ ಗಾಡಿಯ ಸುತ್ತ ಒಂದು ನಿಮಿಷದ ವಿಡಿಯೊ ತೆಗೆಯಿರಿ: ನಾಲ್ಕು ಚಕ್ರ, ಬಂಪರ್, ಬದಿಯ ಪ್ಲಾಸ್ಟಿಕ್ಕು, ಮೇಲಿನ ಪೈಪು. ಹಳೆಯ ಬಿರುಕಿಗೆ ನೀವು ದುಡ್ಡು ತೆರುವುದು ಬೇಡ. ಅಡಮಾನಕ್ಕೆ ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಡಬೇಡಿ.

ಪ್ರಶ್ನೆ: ನನಗೆ ಉಬ್ಬಸ ಇದೆ. ಧೂಳು ಬಹಳ ಎನ್ನುತ್ತಾರೆ. ಕರವಸ್ತ್ರ ಕಟ್ಟಿಕೊಂಡರೆ ಸಾಕೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಸಾಲದು. ಆ ಭಾಗದ ನೆಲ ಸುಣ್ಣಕಲ್ಲಿನದು. ಮಳೆಯಿಲ್ಲದ ದಿನಗಳಲ್ಲಿ ದಾರಿಯ ಮೇಲೆ ಮೈದಾ ಹಿಟ್ಟಿನಷ್ಟು ನಯವಾದ ಬಿಳಿ ಪುಡಿ ಕೂತಿರುತ್ತದೆ. ಅಲ್ಲಿ ಮಾರುವ ಬಟ್ಟೆಯ ಬಂಡಾನಾ ಕೆಸರನ್ನು ತಡೆಯುತ್ತದೆ, ಈ ಪುಡಿಯನ್ನಲ್ಲ. ಎನ್95 ಮಾಸ್ಕ್ ಒಳಗೆ, ಅದರ ಮೇಲೆ ಬಂಡಾನಾ. ಮಾಸ್ಕ್ ನೆನೆದರೆ ಉಸಿರೆಳೆಯುವುದು ಕಷ್ಟವಾಗುವುದರಿಂದ ಜಿಪ್ ಚೀಲದಲ್ಲಿ ಇನ್ನೊಂದು ಇರಲಿ. ಇನ್‌ಹೇಲರ್ ಬ್ಯಾಗಿನಲ್ಲಲ್ಲ, ಅಂಗಿಯ ಜಿಪ್ ಜೇಬಿನಲ್ಲಿ.

ಇದೆಲ್ಲಕ್ಕಿಂತ ದೊಡ್ಡ ಉಪಾಯ ಸಾಲಿನಲ್ಲಿ ನಿಮ್ಮ ಜಾಗ. ಗೈಡ್‌ನ ಹಿಂದಿನ ಮೊದಲ ಗಾಡಿಗೆ ಒಬ್ಬನ ಧೂಳು ಮಾತ್ರ, ಹತ್ತನೆಯ ಗಾಡಿಗೆ ಹತ್ತು ಗಾಡಿಗಳದ್ದು. ಹೊರಡುವ ಮುಂಚೆ ಉಬ್ಬಸದ ವಿಷಯ ಹೇಳಿ ಮೊದಲ ಜಾಗ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಕಳೆದ ಕೆಲವು ವಾರಗಳಲ್ಲಿ ಉಬ್ಬಸ ಕೆದರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದಿದ್ದರೆ ಮಾತ್ರ ಈ ಸವಾರಿ ಬಿಟ್ಟುಬಿಡಿ.

ಧೂಳು ಬರೀ ಎದೆಯ ಪ್ರಶ್ನೆಯಲ್ಲ. ಸಾಲಿನಲ್ಲಿ ಹೋಗುವ ಗಾಡಿಗಳಿಗೆ ತುಂಬ ಸುಲಭವಾಗಿ ಆಗುವ ಅಪಘಾತ ಹಿಂದಿನಿಂದ ಗುದ್ದುವುದು, ಅದರ ಮೂಲ ಕಣ್ಣು ಕಾಣದಿರುವುದು. ಮುಂದಿನ ಗಾಡಿ ಒಂದು ಮರವನ್ನೋ ಬೇಲಿ ಕಂಬವನ್ನೋ ದಾಟಿದಾಗ ಎಣಿಸಲು ಶುರುಮಾಡಿ. ‘ಒಂದು, ಎರಡು, ಮೂರು, ನಾಲ್ಕು’ ಎನ್ನುವ ಮುಂಚೆ ನೀವು ಅದೇ ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೀರಿ. ಧೂಳು ದಟ್ಟವಾದರೆ ಇನ್ನೂ ಹಿಂದೆ ಉಳಿಯಿರಿ. ಏನೂ ಕಾಣದಾದಾಗ ದಾರಿ ನಡುವೆ ಗಕ್ಕನೆ ನಿಲ್ಲಬೇಡಿ. ಲೈಟ್ ಹಚ್ಚಿಕೊಂಡು, ಕಾಲು ಸಡಿಲಿಸಿ, ನಿಧಾನಕ್ಕೆ ಇಳಿಸುತ್ತಾ ಹೋಗಿ. ಹಿಂದೆ ಬಿದ್ದರೆ ದಾರಿ ತಪ್ಪುತ್ತೇನೆಂಬ ಹೆದರಿಕೆಗೇ ಜನ ಅಂಟಿಕೊಂಡು ಓಡಿಸುತ್ತಾರೆ. ಸಾಲಿನ ಕೊನೆಯಲ್ಲಿ ಇನ್ನೊಬ್ಬ ಗೈಡ್ ಇದ್ದಾನೆಯೇ ಎಂದು ಮೊದಲೇ ಕೇಳಿಕೊಂಡರೆ ಆ ಹೆದರಿಕೆ ಹೋಗುತ್ತದೆ. ಒಬ್ಬನೇ ಗೈಡ್ ಹದಿನೈದು ಗಾಡಿ ಕರೆದೊಯ್ಯುತ್ತಿದ್ದರೆ ಆ ಟೂರ್ ಬೇಡ.

ಪ್ರಶ್ನೆ: ಗಾಡಿ ಮಗುಚುವುದು ಯಾವಾಗ? ಮಗುಚಿದರೆ ಏನು ಮಾಡಬೇಕು? ಮೇಲೆ ಕಬ್ಬಿಣದ ಪೈಪ್ ಇರುವಾಗ ಸೀಟ್ ಬೆಲ್ಟ್ ಯಾಕೆ ಬೇಕು? (ಮೈಸೂರು)

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಆ ಪೈಪಿನ ಪಂಜರ ಕಾಪಾಡುವುದು ಅದರ ಒಳಗಿರುವವರನ್ನು. ಬೆಲ್ಟ್ ಇಲ್ಲದವರು ಮಗುಚಿದ ಕ್ಷಣದಲ್ಲಿ ಅರ್ಧ ಹೊರಗಿರುತ್ತಾರೆ, ಅದೇ ಪೈಪು ಅವರ ಮೇಲೆ ಬೀಳುತ್ತದೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಭುಜದ ಪಟ್ಟಿ ಕುತ್ತಿಗೆಗೆ ತಾಗದೆ ಕೊರಳ ಮೂಳೆಯ ಮೇಲೆ ಹಾಯಬೇಕು. ನಾಲ್ಕು ಪಟ್ಟಿಯದಾದರೆ ಮೊದಲು ಸೊಂಟದ್ದು ಬಿಗಿ ಮಾಡಿ, ಆಮೇಲೆ ಭುಜದ್ದು. ತಿರುಗುಮುರುಗು ಮಾಡಿದರೆ ಸೊಂಟದ ಪಟ್ಟಿ ಹೊಟ್ಟೆಗೆ ಏರಿಬಿಡುತ್ತದೆ. ಕೆಲವು ಗಾಡಿಗಳು ಚಾಲಕರ ಬೆಲ್ಟ್ ಕ್ಲಿಕ್ ಆಗದಿದ್ದರೆ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲೇ ವೇಗವನ್ನು ತಡೆದುಬಿಡುತ್ತವೆ. ‘ಗಾಡಿ ಎಳೆಯುತ್ತಿಲ್ಲ’ ಎನಿಸಿದರೆ ಮೊದಲು ಬೆಲ್ಟ್ ನೋಡಿ.

ಮಗುಚುವುದು ಹೆಚ್ಚಾಗಿ ದೊಡ್ಡ ದಿಣ್ಣೆಯಲ್ಲಲ್ಲ, ಸಮತಟ್ಟಾದ ತಿರುವಿನಲ್ಲಿ. ವೇಗದಲ್ಲಿ ಬಂದು ತಿರುವಿನ ಒಳಗೆ ಸ್ಟೀರಿಂಗ್ ಜೋರಾಗಿ ತಿರುಗಿಸುತ್ತಾರೆ, ಗಾಡಿ ಅಡ್ಡಕ್ಕೆ ಜಾರುತ್ತದೆ. ಜಾರುತ್ತಿರುವಷ್ಟು ಹೊತ್ತು ಅಪಾಯ ಕಡಿಮೆಯೇ. ಜಾರುತ್ತಿರುವ ಚಕ್ರ ಒಂದು ಕಲ್ಲಿಗೋ ಒಣಗಿದ ಚಕ್ರದ ಕೊರಕಲಿನ ಅಂಚಿಗೋ ತಡೆದು ನಿಂತಾಗ ಕೆಳಗಿನ ಭಾಗ ನಿಲ್ಲುತ್ತದೆ, ಮೇಲಿನ ಭಾಗ ಮುಂದುವರಿಯುತ್ತದೆ. ಎತ್ತರದ, ಅಗಲ ಕಡಿಮೆಯ ಗಾಡಿ ಉರುಳಲು ಅಷ್ಟು ಸಾಕು. ಆದ್ದರಿಂದ ತಿರುವಿಗೆ ಮುಂಚೆ, ದಾರಿ ಇನ್ನೂ ನೇರ ಇರುವಾಗಲೇ ಬ್ರೇಕ್ ಹಾಕಿ ವೇಗ ಇಳಿಸಿ. ತಿರುವಿನೊಳಗೆ ಬ್ರೇಕೂ ಬೇಡ, ಗಾಬರಿಯ ಆಕ್ಸಿಲರೇಟರೂ ಬೇಡ. ಒಂದೇ ಜಾಗದಲ್ಲಿ ಗಿರಗಿರ ಸುತ್ತುವ ‘ಡೋನಟ್’ ಆಟವನ್ನು ಗೈಡ್ ಮಾಡಿ ತೋರಿಸಿದರೂ ನೀವು ಮಾಡಬೇಡಿ.

ಏರು ಇಳಿವನ್ನು ನೇರವಾಗಿ ಹತ್ತಿ ನೇರವಾಗಿ ಇಳಿಯಿರಿ, ಅಡ್ಡಕ್ಕೆ ಹಾಯಬೇಡಿ. ಅರ್ಧ ಏರಿನಲ್ಲಿ ನಿಂತುಹೋದರೆ ತಿರುಗಿಸಲು ಹೋಗದೆ ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಬಂದ ಗೆರೆಯಲ್ಲೇ ಹಿಂದಕ್ಕೆ ಬನ್ನಿ. ಇಳಿಜಾರಿನಲ್ಲಿ ಒಂದು ಬದಿ ಎದ್ದಂತೆ ಅನಿಸಿದರೆ ಸ್ಟೀರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿ.

ಉರುಳಲು ತೊಡಗಿದಾಗ ಕೈ ಹೊರಚಾಚಿ ನೆಲಕ್ಕೆ ಊರುವುದು ಮನುಷ್ಯನ ಸಹಜ ಪ್ರವೃತ್ತಿ. ಮುಂಗೈ, ಬೆರಳು ಜಜ್ಜಿಹೋಗುವುದು ಆಗಲೇ. ಚಾಲಕರು ಸ್ಟೀರಿಂಗನ್ನೇ ಹಿಡಿದಿರಲಿ, ಪಕ್ಕದವರು ಎದುರಿನ ಹಿಡಿಕೆಯನ್ನು. ಕಾಲು ನೆಲದ ಮೇಲೇ ಇರಲಿ. ಇದನ್ನು ಹೊರಡುವ ಮುಂಚೆ ಇಬ್ಬರೂ ಒಮ್ಮೆ ಬಾಯಲ್ಲಿ ಹೇಳಿಕೊಂಡರೆ ಆ ಕ್ಷಣದಲ್ಲಿ ನೆನಪಾಗುತ್ತದೆ. ಗಾಡಿ ನಿಂತ ಮೇಲೆ ಮೊದಲು ಕೀ ಆಫ್. ತಲೆಕೆಳಗಾಗಿ ನೇತಾಡುತ್ತಿದ್ದರೆ ಬೆಲ್ಟಿನ ಗುಂಡಿ ಒತ್ತುವ ಮುನ್ನ ಒಂದು ಕೈಯನ್ನು ಮೇಲಿನ ಪೈಪಿಗೆ ಗಟ್ಟಿಯಾಗಿ ಒತ್ತಿಡಿ, ಇಲ್ಲವಾದರೆ ಕುತ್ತಿಗೆಯ ಮೇಲೇ ಬೀಳುತ್ತೀರಿ. ಪೆಟ್ರೋಲ್ ಸೋರುತ್ತಿರಬಹುದು, ದೂರ ನಡೆಯಿರಿ. ತುರ್ತಿಗೆ ಅಲ್ಲಿಯೂ 911.

ಹೆಲ್ಮೆಟ್ಟನ್ನು ಹಲವೆಡೆ ತಾವಾಗಿ ಕೊಡುವುದಿಲ್ಲ. ಕೇಳಿ ಪಡೆಯಿರಿ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು, ಗದ್ದದ ಪಟ್ಟಿಯ ಕೆಳಗೆ ಎರಡು ಬೆರಳು ಮಾತ್ರ ಹಿಡಿಸಬೇಕು. ಅದನ್ನು ಎಷ್ಟೋ ಜನ ಹಾಕಿರುತ್ತಾರೆ, ಒಳಗೆ ಒಂದು ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ.

ಪ್ರಶ್ನೆ: ಮಕ್ಕಳಿಗೆ ಆರು ಮತ್ತು ಹನ್ನೊಂದು ವರ್ಷ. ಚಿಕ್ಕವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದೇ? (ಆಸ್ಟಿನ್)

ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. ಗಾಡಿ ಗುಂಡಿಗೆ ಇಳಿದಾಗ ತೊಡೆಯ ಮೇಲಿನ ಮಗುವನ್ನು ಯಾವ ತೋಳೂ ಹಿಡಿದಿಡಲಾರದು. ಮಗು ಕೂರಬಹುದೇ ಎಂದು ತಿಳಿಯಲು ವಯಸ್ಸಿಗಿಂತ ಅಳತೆ ನೋಡಿ: ಬೆನ್ನು ಸೀಟಿಗೆ ಪೂರ್ತಿ ಒರಗಿದಾಗ ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ಮುಟ್ಟಬೇಕು, ಕೈಗೆ ಹಿಡಿಕೆ ಸಿಗಬೇಕು, ಭುಜದ ಪಟ್ಟಿ ಕುತ್ತಿಗೆಗೆ ಬರಬಾರದು. ಹನ್ನೊಂದರ ಮಗುವಿಗೆ ಇದು ಹೊಂದಬಹುದು, ಆರರ ಮಗುವಿಗೆ ಹೊಂದುವುದಿಲ್ಲ. ‘ಪರವಾಗಿಲ್ಲ, ಎಲ್ಲರೂ ಕೂರಿಸುತ್ತಾರೆ’ ಎಂದು ಅಲ್ಲಿನವರು ಹೇಳಿದರೂ ಅಳತೆ ಬದಲಾಗುವುದಿಲ್ಲ. ತಂದೆ ದೊಡ್ಡವನ ಜೊತೆ ಹೋಗಲಿ, ತಾಯಿ ಚಿಕ್ಕವಳ ಜೊತೆ ಹೋಟೆಲಿನ ಕಡಲತೀರದಲ್ಲಿರಲಿ. ಮರುದಿನ ಸರದಿ ಬದಲಿಸಿಕೊಳ್ಳಿ. ಸ್ಟೀರಿಂಗ್ ಮಾತ್ರ ಹದಿನಾರಕ್ಕಿಂತ ಕೆಳಗಿನವರ ಕೈಗೆ ಕೊಡಲೇಬಾರದು, ಖಾಲಿ ಬಯಲಿನಲ್ಲೂ.

ಬಸುರಿಯರು, ಡಿಸ್ಕ್ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಹೋಗಬಾರದು. ಸೀಟಿನಿಂದ ಬರುವ ಹೊಡೆತ ನೇರ ಬೆನ್ನುಮೂಳೆಗೇ.

ಪ್ರಶ್ನೆ: ಏನು ಹಾಕಿಕೊಂಡು ಹೋಗಬೇಕು? ಮಾಂಗಲ್ಯ ತೆಗೆಯುವುದಿಲ್ಲ, ಕನ್ನಡಕ ಇದೆ. (ಶಿವಮೊಗ್ಗದಿಂದ ಹೊರಟಿರುವ ಓದುಗರು)

ಉತ್ತರ: ಮಾಂಗಲ್ಯವನ್ನು ಒಳಗೆ ಸೇರಿಸಿ, ಕುತ್ತಿಗೆಗೆ ಹತ್ತಿರ ಗುಂಡಿ ಇರುವ ಅಂಗಿ ಹಾಕಿ, ಸರ ಬೆಲ್ಟಿನ ಪಟ್ಟಿಯ ಕೆಳಗೆ ಸಿಕ್ಕದಂತೆ ಸರಿಸಿಕೊಳ್ಳಿ. ಬಳೆ, ಉಂಗುರ ಹೋಟೆಲಿನ ಲಾಕರಿನಲ್ಲಿರಲಿ. ಸೀರೆ, ದುಪ್ಪಟ್ಟ, ಗಾಳಿಗೆ ಹಾರುವ ಶಾಲು ಬೇಡವೇ ಬೇಡ. ತಿರುಗುವ ಭಾಗಕ್ಕೆ ಸುತ್ತಿಕೊಂಡರೆ ಕುತ್ತಿಗೆಗೆ ಬರುತ್ತದೆ. ಜಡೆಯನ್ನು ಮಡಚಿ ಕಟ್ಟಿ. ಕನ್ನಡಕದ ಮೇಲೆ ಕೂರುವ ದೊಡ್ಡ ಗಾಗಲ್ ಸಿಗುತ್ತದೆ, ಇಲ್ಲಿಂದಲೇ ಒಯ್ಯುವುದು ಉತ್ತಮ. ಕಾಂಟ್ಯಾಕ್ಟ್ ಲೆನ್ಸ್ ಅಂದು ಬೇಡ. ಲೇಸ್ ಕಟ್ಟುವ ಹಳೆಯ ಶೂ ಹಾಕಿ. ಹವಾಯಿ ಚಪ್ಪಲಿ ಕಳಚಿ ಬ್ರೇಕಿನ ಕೆಳಗೆ ಸೇರುತ್ತದೆ. ಕೆಸರು ಹಿಡಿದ ಬಟ್ಟೆ ಮತ್ತೆ ಬೆಳ್ಳಗಾಗದು, ಎಸೆಯಲು ಅಡ್ಡಿಯಿಲ್ಲದ್ದನ್ನೇ ಹಾಕಿ. ಚಾಲಕರ ಕೈಯಲ್ಲಿ ಫೋನ್ ಇರಕೂಡದು. ಪಕ್ಕದವರದ್ದೂ ಕೊರಳಿಗೆ ದಾರ ಹಾಕಿದ ನೀರು ಹೋಗದ ಚೀಲದಲ್ಲಿರಲಿ.

ಪ್ರಶ್ನೆ: ಆ ಗುಹೆಯ ನೀರಿನಲ್ಲಿ, ಕೆಸರಿನ ಗುಂಡಿಯಲ್ಲಿ ಸೋಂಕು ತಗಲುವುದಿಲ್ಲವೇ? (ಬೆಂಗಳೂರು)

ಉತ್ತರ: ಎರಡನ್ನೂ ಬೇರೆ ಬೇರೆ ನೋಡಬೇಕು. ಸೆನೋಟೆಯ ನೀರು ಸುಣ್ಣಕಲ್ಲಿನಲ್ಲಿ ಇಂಗಿ ಬಂದ ಅಂತರ್ಜಲ, ತಿಳಿಯಾಗಿ, ತಣ್ಣಗೆ ಇರುತ್ತದೆ. ಸನ್‌ಸ್ಕ್ರೀನ್ ಬಳಿದುಕೊಂಡ ಮೈಯಲ್ಲಿ ಇಳಿಯಬೇಡಿ. ಹರಿವು ಕಡಿಮೆಯಿರುವ ಆ ನೀರಿನಲ್ಲಿ ಎಣ್ಣೆ ಹಾಗೇ ಉಳಿಯುತ್ತದೆ. ಮೆಟ್ಟಿಲು ಜಾರುತ್ತದೆ, ಆಳ ನೋಡದೆ ತಲೆಕೆಳಗಾಗಿ ಹಾರಬೇಡಿ.

ದಾರಿಯ ಕೆಸರುಗುಂಡಿ ಬೇರೆ. ದನ, ಇಲಿ, ಹಂದಿ ಓಡಾಡುವ ಜಾಗದ ನಿಂತ ನೀರು ಅದು. ನಮ್ಮ ಮಲೆನಾಡು, ಕರಾವಳಿಯ ಗದ್ದೆ ಕೆಲಸದವರಿಗೆ ಚೆನ್ನಾಗಿ ಗೊತ್ತಿರುವ ಇಲಿಜ್ವರ, ಲೆಪ್ಟೊಸ್ಪೈರೋಸಿಸ್, ಡೊಮಿನಿಕನ್ ಗಣರಾಜ್ಯದಲ್ಲೂ ಇದೆ, ಬಿರುಮಳೆಯ ನಂತರ ಹೆಚ್ಚುತ್ತದೆ. ರೋಗಾಣು ಒಳಹೋಗುವುದು ಗಾಯ, ಬಿರುಕುಬಿಟ್ಟ ಹಿಮ್ಮಡಿ, ಕಣ್ಣು, ಮೂಗು, ಬಾಯಿಯ ಮೂಲಕ. ಗಾಯಕ್ಕೆ ನೀರು ಹೋಗದ ಪಟ್ಟಿ ಅಂಟಿಸಿ. ಮುಂದಿನ ಗಾಡಿ ಗುಂಡಿಗೆ ಇಳಿದಾಗ ಬಾಯಿ ಮುಚ್ಚಿರಿ. ಮುಗಿದ ಕೂಡಲೇ ಸೋಪಿನಿಂದ ತೊಳೆಯಿರಿ. ಊರಿಗೆ ಮರಳಿದ ನಂತರ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ‘ಕೆಸರು ನೀರಿನಲ್ಲಿ ಇದ್ದೆ’ ಎಂದು ತಪ್ಪದೆ ಹೇಳಿ. ಹೇಳದಿದ್ದರೆ ಅದು ಬರೀ ವೈರಲ್ ಜ್ವರದ ಲೆಕ್ಕಕ್ಕೆ ಹೋಗುತ್ತದೆ. ಡೆಂಗಿಯೂ ಅಲ್ಲಿದೆ, ಸೊಳ್ಳೆ ಮುಲಾಮು ಬೇಕೇ ಬೇಕು.

ಗುಂಡಿ ದಾಟುವಾಗ ಗೈಡ್ ಹೋದ ಗೆರೆಯಲ್ಲೇ, ಒಂದೇ ವೇಗದಲ್ಲಿ, ನಿಧಾನವಾಗಿ. ದಾಟಿದ ಮೇಲೆ ಓಡುತ್ತಲೇ ಮೂರು ನಾಲ್ಕು ಸಲ ಬ್ರೇಕನ್ನು ಮೆಲ್ಲಗೆ ತುಳಿಯಿರಿ, ಒದ್ದೆಯಾದ ಬ್ರೇಕ್ ಒಣಗುತ್ತದೆ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆ ಹೆಚ್ಚು, ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. ಆಗ ನಿನ್ನೆ ಮೊಣಕಾಲಿನಷ್ಟಿದ್ದ ಗುಂಡಿ ಇಂದು ಸೊಂಟದಷ್ಟಿರಬಹುದು.

ಪ್ರಶ್ನೆ: ಎಚ್-1ಬಿಯಲ್ಲಿದ್ದೇನೆ. ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿದೆ. ನಾಲ್ಕು ದಿನಕ್ಕೆ ಹೋಗಿ ಬರಬಹುದಲ್ಲ? (ಸಿಯಾಟಲ್)

ಉತ್ತರ: ಹೋಗಬೇಡಿ. ಅವಧಿ ಮುಗಿದ ಮುದ್ರೆಯೊಂದಿಗೆ ಮರಳಿ ಬರುವ ಸವಲತ್ತು ಎಚ್-1ಬಿಯವರಿಗೆ ಇರುವುದು 30 ದಿನದೊಳಗಿನ ಕೆನಡಾ, ಮೆಕ್ಸಿಕೊ ಪ್ರವಾಸಕ್ಕೆ ಮಾತ್ರ. ಕೆರಿಬಿಯನ್ ದ್ವೀಪಗಳ ಸೌಲಭ್ಯ ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರದ್ದು. ಭಾರತೀಯ ಪಾಸ್‌ಪೋರ್ಟಿನವರನ್ನು ಡೊಮಿನಿಕನ್ ಗಣರಾಜ್ಯದೊಳಗೆ ಬಿಡುವುದೂ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡಿನಂಥ ದಾಖಲೆಯ ಬಲದಿಂದಲೇ. ದಾಖಲೆ ಸರಿಯಿರುವವರು ಹೊರಡುವ ಮುಂಚೆ ‘ಇ-ಟಿಕೆಟ್’ ಎಂಬ ಪ್ರವೇಶ ಮತ್ತು ನಿರ್ಗಮನದ ನಮೂನೆಯನ್ನು ಸರ್ಕಾರದ ಜಾಲತಾಣದಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ.

ಪ್ರಶ್ನೆ: ಟೂರಿನವರೇ ‘ಇನ್ಶೂರೆನ್ಸ್ ಸೇರಿದೆ’ ಎನ್ನುತ್ತಾರೆ. ಬೇರೆ ಬೇಕೇ? (ಹುಬ್ಬಳ್ಳಿ)

ಉತ್ತರ: ಅವರು ಹೇಳುವ ವಿಮೆ ಗಾಡಿಯದ್ದೋ ನಿಮ್ಮ ಮೈಯದ್ದೋ ಕೇಳಿ. ಬಹಳ ಸಲ ಅದು ಗಾಡಿಯ ಹಾನಿಗೆ ಮಾತ್ರ. ನೀವು ಭಾರತದಲ್ಲಿ ಕೊಂಡ ಪ್ರವಾಸ ವಿಮೆಯ ‘ಒಳಗೊಳ್ಳದವು’ ಎಂಬ ಪುಟ ತೆರೆದು ಆಫ್-ರೋಡ್, ಎಟಿವಿ (ಮಣ್ಣು ದಾರಿಗೆಂದೇ ಇರುವ, ಹ್ಯಾಂಡಲಿನ ನಾಲ್ಕು ಚಕ್ರದ ಗಾಡಿ), ಸಾಹಸ ಕ್ರೀಡೆ ಎಂಬ ಪದಗಳನ್ನು ಹುಡುಕಿ. ಹೊರಗಿಟ್ಟಿದ್ದರೆ ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಿ, ವಿಮಾನದಲ್ಲಿ ಬೇರೆಡೆ ಸಾಗಿಸುವ ಖರ್ಚೂ ಅದರಲ್ಲಿರಲಿ. ಕುಡಿದು ಓಡಿಸಿದ್ದರೆ ಯಾವ ವಿಮೆಯೂ ಕೈಹಿಡಿಯುವುದಿಲ್ಲ. ಹಳ್ಳಿಮನೆಯ ನಿಲುಗಡೆಯಲ್ಲಿ ಚಿಕ್ಕ ಲೋಟದಲ್ಲಿ ‘ಮಾಮಾಹುವಾನಾ’ ಎಂಬ ಕಷಾಯದಂಥ ಪಾನೀಯ ಕೊಡುತ್ತಾರೆ, ಮರದ ತೊಗಟೆ, ಬೇರು ಹಾಕಿದ್ದು, ಔಷಧಿ ಎನ್ನುತ್ತಾರೆ. ಅದು ರಮ್, ಕೆಂಪು ವೈನ್, ಜೇನಿನಲ್ಲಿ ನೆನೆಹಾಕಿದ ಮದ್ಯ. ಸ್ಟೀರಿಂಗ್ ಹಿಡಿಯುವವರು ಅದರ ರುಚಿಯನ್ನೂ ನೋಡುವುದು ಬೇಡ.

ಪ್ರಶ್ನೆ: ಮರಳಿನ ಮೇಲೆ, ಅಲೆಯ ಅಂಚಿನಲ್ಲಿ ಓಡಿಸುವ ಫೋಟೊ ನೋಡಿದ್ದೇವೆ. ಬಿಡುತ್ತಾರೆಯೇ? (ಉಡುಪಿ)

ಉತ್ತರ: ಬಿಟ್ಟರೂ ಹೋಗಬೇಡಿ. ಆ ದೇಶದ ಕಡಲತೀರಗಳಲ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಕಡಲಾಮೆಗಳು ಮಾಡುವ ಹಾಗೆಯೇ ಮರಳು ತೋಡಿ ಇಟ್ಟು ಮುಚ್ಚಿ ಹೋಗುತ್ತವೆ, ಮೇಲಿನಿಂದ ಏನೂ ಕಾಣುವುದಿಲ್ಲ. ಗಾಡಿಯ ಭಾರಕ್ಕೆ ಮರಳು ಗಟ್ಟಿಯಾದರೆ ಮರಿಗಳು ಅಗೆದು ಮೇಲೆ ಬರಲಾರವು. ಬಂದವೂ ಚಕ್ರದ ಕೊರಕಲಿಗೆ ಬಿದ್ದು, ಸಮುದ್ರದ ಕಡೆಗಲ್ಲದೆ ಆ ಕಾಲುವೆಯ ಉದ್ದಕ್ಕೂ ತೆವಳುತ್ತಾ ಬಿಸಿಲಿಗೆ ಸಾಯುತ್ತವೆ. ತೀರದಲ್ಲಿ ಮಲಗಿರುವ ಜನರೂ ಇರುತ್ತಾರೆ. ಗಾಡಿಯನ್ನು ತೆಂಗಿನ ಸಾಲಿನ ಹಿಂದೆ ನಿಲ್ಲಿಸಿ ನಡೆದು ಹೋಗಿ. ಮಕಾವೊದಲ್ಲಿ ಸೆಳೆತ ಜೋರು, ಈಜು ಬಂದರೂ ಸೊಂಟದ ಮಟ್ಟ ದಾಟಬೇಡಿ.

ಪ್ರಶ್ನೆ: ಹೊರಡುವ ಮುಂಚೆ ಕೊಡಗಿನ ಹೋಮ್‌ಸ್ಟೇಯಲ್ಲಿ ಎಟಿವಿ ಓಡಿಸಿ ಅಭ್ಯಾಸ ಮಾಡಿದರೆ ಉಪಯೋಗವೇ? (ಮಂಡ್ಯ)

ಉತ್ತರ: ನೆಲದ ಪರಿಚಯಕ್ಕೆ ಉಪಯೋಗ, ಗಾಡಿಯ ಪರಿಚಯಕ್ಕಲ್ಲ. ಎಟಿವಿಯಲ್ಲಿ ಸ್ಕೂಟರಿನಂತೆ ಕವೆಗಾಲು ಹಾಕಿ ಕೂತು, ಹ್ಯಾಂಡಲ್ ಹಿಡಿದು, ಹೆಬ್ಬೆರಳಿನಿಂದ ವೇಗ ಕೊಡುತ್ತೀರಿ. ತಿರುವಿನಲ್ಲಿ ಮೈಯನ್ನು ಒಳಕ್ಕೆ ವಾಲಿಸುತ್ತೀರಿ. ಉರುಳಿದರೆ ಅದರಿಂದ ದೂರ ಹಾರಬೇಕು. ಬಗ್ಗಿಯಲ್ಲಿ ವಾಲುವ ಹಾಗಿಲ್ಲ, ಹಾರುವ ಹಾಗಂತೂ ಇಲ್ಲವೇ ಇಲ್ಲ. ಈ ಎರಡು ಅಭ್ಯಾಸ ಬೆರೆತರೆ ಕಷ್ಟ. ಒಂದು ಪಾಠ ಮಾತ್ರ ಎರಡಕ್ಕೂ ಒಂದೇ: ಈ ಚಕ್ರಗಳಲ್ಲಿ ಗಾಳಿ ಕಡಿಮೆ. ಕಾರಿನದ್ದು 30ರಿಂದ 35 ಪಿಎಸ್‌ಐ ಆದರೆ ಬಗ್ಗಿಯದ್ದು ಹತ್ತು ಹದಿನೈದು, ಎಟಿವಿಯದ್ದು ಇನ್ನೂ ಕಡಿಮೆ. ಮಣ್ಣಿನಲ್ಲಿ ಹಿಡಿತಕ್ಕೆ ಅದು ಬೇಕು. ಆದರೆ ಡಾಂಬರು ರಸ್ತೆಗೆ ಹತ್ತಿದ ಕೂಡಲೇ ಆ ಮೆತ್ತನೆಯ ಚಕ್ರ ನೆಲಕ್ಕೆ ಅಂಟಿದಂತಾಗಿ ಗಾಡಿ ತೂರಾಡುತ್ತದೆ. ಡಾಂಬರು ಸಿಕ್ಕಿತೆಂದು ವೇಗ ಹೆಚ್ಚಿಸುವವರೇ ಅಲ್ಲಿ ಬೀಳುವುದು. ಹಾಂ, ಒಂಟಿ ಸೀಟಿನ ಎಟಿವಿಯಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಬೇಡಿ, ಹೋಮ್‌ಸ್ಟೇಯವರು ಒಪ್ಪಿದರೂ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ದಾರಿಯಲ್ಲಿ ಏನು ಸಿಗುತ್ತದೆ? (ಧಾರವಾಡ)

ಉತ್ತರ: ಬಾಳೆಕಾಯಿಯನ್ನು ಚಪ್ಪಟೆ ಒತ್ತಿ ಎರಡು ಸಲ ಕರಿದ ‘ತೊಸ್ತೋನೆಸ್’, ಅನ್ನ, ಹಣ್ಣು ಸಿಗುತ್ತವೆ. ಕೆಂಪು ಬೀನ್ಸ್ ಕಾಳಿನ ಸಾರು ನಮ್ಮ ರಾಜ್ಮಾದಂತೆ ಕಂಡರೂ ಅದರಲ್ಲಿ ಹಂದಿ ಮಾಂಸದ ತುಂಡೋ ಕೋಳಿಯ ರಸವೋ ಇರಬಹುದು. ‘ಸಿನ್ ಕಾರ್ನೆ, ಸಿನ್ ಪೋಯೊ’ ಎಂದು ಕೇಳಿ, ಮಾಂಸ ಬೇಡ, ಕೋಳಿ ಬೇಡ ಎಂದರ್ಥ. ಕರಿದ ಎಣ್ಣೆಯ ಬಗ್ಗೆ ಕಟ್ಟುನಿಟ್ಟು ಇರುವವರು ಮರಗೆಣಸಿನ ರೊಟ್ಟಿ ‘ಕಸಾಬೆ’ ತೆಗೆದುಕೊಳ್ಳಲಿ. ಆ ನೆಲದ ಮೂಲನಿವಾಸಿ ತೈನೊ ಜನರದ್ದು ಅದು. ಅದನ್ನು ಮಾಡುವ ವಿದ್ಯೆ 2024ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ತುರಿದ ಗೆಣಸನ್ನು ಹಿಂಡಿ ವಿಷದ ರಸ ತೆಗೆದು, ಬಿಸಿ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಹರಡಿ ಸುಡುತ್ತಾರೆ. ನಿಮ್ಮ ಖಟಕ್ ರೊಟ್ಟಿಯಷ್ಟೇ ಗರಿಗರಿ, ಚೀಲದಲ್ಲಿ ದಿನಗಟ್ಟಲೆ ಕೆಡುವುದಿಲ್ಲ. ಒಂದು ಡಬ್ಬಿ ಶೇಂಗಾ ಚಟ್ನಿ ಜೊತೆಗಿದ್ದರೆ ಮಧ್ಯಾಹ್ನದ ಊಟ ಆದ ಹಾಗೆಯೇ.